ಬದುವಿನ ಜಗಳ, ಕೊಲೆ ಕೇಸು: ಆತ್ಮರಕ್ಷಣೆ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗಾ?

ಬ್ಯಾಡಗಿ ಹುಡುಗ:
ನಮ್ಮ ಕಾಕಾನ ಮೇಲೆ ಕೊಲೆ ಕೇಸಿದೆ. ಹಾವೇರಿ ಸೆಷನ್ಸ್ ಕೋರ್ಟಲ್ಲಿ ಸಾಕ್ಷಿ ವಿಚಾರಣೆ ಶುರುವಾಗಿದೆ. ಬದು ಕಡಿದ ವಿಷಯಕ್ಕೆ ಪಕ್ಕದ ಹೊಲದವನು ಕೊಡಲಿ ಹಿಡಿದು ಬಂದ. ಕಾಕಾನ ಎಡಗೈಗೆ ಏಟು ಬಿತ್ತು, ಅವರು ಕೈಲಿದ್ದ ಸಲಿಕೆ ಬೀಸಿದರು, ಆತ ಅಲ್ಲೇ ಸತ್ತ. ಈಗ ಮನೆಯಲ್ಲಿ ಒಬ್ಬರು 'ಆವತ್ತು ಕಾಕಾ ಊರಲ್ಲೇ ಇರಲಿಲ್ಲ ಅಂತ ಹೇಳಿಸೋಣ' ಅಂತಾರೆ, ಇನ್ನೊಬ್ಬರು ಆತ್ಮರಕ್ಷಣೆ ಅನ್ನಿ ಅಂತಾರೆ. ಹಾಗಂದ್ರೆ ಹೊಡೆದಿದ್ದು ಒಪ್ಪಿಕೊಂಡ ಹಾಗೆ ಅಲ್ವಾ?

ಧಾರವಾಡ ವಕೀಲ:
ಹೌದು, ಹೊಡೆದಿದ್ದನ್ನು ಒಪ್ಪಿದ ಹಾಗೇ. ಅಪರಾಧ ಒಪ್ಪಿದ ಹಾಗಲ್ಲ. ಊರಲ್ಲಿ ಇರಲಿಲ್ಲ ಅನ್ನೋ ಸುಳ್ಳನ್ನು ಮೊದಲು ಬಿಡಿ. ಕೈ ಮೇಲಿನ ಗಾಯ ಎಲ್ಲಿಂದ ಬಂತು ಅಂತ ಕೇಳಿದರೆ ಏನು ಹೇಳ್ತೀರಿ? ಆ ಗಾಯವೇ ನಿಮ್ಮ ದೊಡ್ಡ ಸಾಕ್ಷಿ.

ಜೀವ ಹೋಗುತ್ತೆ ಅಥವಾ ಭಾರೀ ಗಾಯ ಆಗುತ್ತೆ ಅನ್ನೋ ಭಯಕ್ಕೆ ಕಾರಣ ಇದ್ದರೆ, ಎದುರಿನವನ ಪ್ರಾಣ ಹೋದರೂ ಕಾನೂನು ಒಪ್ಪುತ್ತೆ. ಘಟನೆ 2024ರ ಜುಲೈ 1ಕ್ಕಿಂತ ಮೊದಲಿನದಾದರೆ ಹಳೇ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 100, ಆಮೇಲಿನದಾದರೆ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ನ ಸೆಕ್ಷನ್ 38. ಇದನ್ನು ತೋರಿಸುವ ಹೊಣೆ ನಿಮ್ಮದೇ, ಆದರೆ ಪ್ರಾಸಿಕ್ಯೂಷನ್ (ಕೇಸು ನಡೆಸೋ ಸರ್ಕಾರದ ಕಡೆ) ಥರ ಸಂಶಯವೇ ಉಳಿಯದ ಹಾಗೆ ತೋರಿಸಬೇಕಿಲ್ಲ, ಹೀಗೇ ಆಗಿರೋ ಸಾಧ್ಯತೆ ಜಾಸ್ತಿ ಅಂತ ಕಂಡರೆ ಸಾಕು. ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ದಾಖಲೆಯಲ್ಲಿ ಕಂಡರೆ ಕೋರ್ಟು ಪರಿಗಣಿಸಬಹುದು ಅಂತ ಸುಪ್ರೀಂ ಕೋರ್ಟು 1967ರಲ್ಲೇ ಮುನ್ಷಿ ರಾಮ್ ಕೇಸಿನಲ್ಲಿ ಹೇಳಿದೆ. ಅದನ್ನೇ ನಂಬಿಕೊಂಡು ಸುಮ್ನೆ ಕೂರಬೇಡಿ.

ಗದಗಿನವ:
ಒಂದೇ ಏಟಾ? ಪೋಸ್ಟ್‌ಮಾರ್ಟಂನಲ್ಲಿ ಎಷ್ಟು ಗಾಯ ಬರೆದಿದ್ದಾರೆ?

ಬ್ಯಾಡಗಿ ಹುಡುಗ:
ತಲೆಗೆ ಎರಡು. ಎರಡನೇದು ಆತ ಬಿದ್ದ ಮೇಲೆ ಹೊಡೆದದ್ದು ಅಂತ ಅವರ ಕಡೆಯ ಸಾಕ್ಷಿ ಹೇಳ್ತಾನೆ. ಕಾಕಾ ಹಾಗಲ್ಲ ಅಂತಾರೆ.

ಧಾರವಾಡ ವಕೀಲ:
ಕೇಸು ನಿಂತಿರೋದೇ ಅಲ್ಲಿ. ಅಪಾಯ ಮುಗಿದ ಕ್ಷಣಕ್ಕೆ ಆತ್ಮರಕ್ಷಣೆಯ ಹಕ್ಕೂ ಮುಗಿಯುತ್ತೆ. ಕೊಡಲಿ ಕೈಬಿಟ್ಟು ಬಿದ್ದವನಿಗೆ ಹೊಡೆದರೆ ಪೂರ್ತಿ ಬಿಡುಗಡೆ ಕಷ್ಟ. ಆದರೂ ಸೇಡಿಲ್ಲದೆ, ತನ್ನನ್ನು ಕಾಪಾಡಿಕೊಳ್ಳೋ ಭರದಲ್ಲಿ ಮಿತಿ ಮೀರಿದ್ದು ಅಂತಾದರೆ ಕೊಲೆಯ ಸೆಕ್ಷನ್ ಹೋಗಿ ಐಪಿಸಿ 304ಕ್ಕೆ, ಅಂದ್ರೆ ಕೊಲೆಯಲ್ಲದ ನರಹತ್ಯೆಗೆ ಇಳಿಯಬಹುದು, ಹೊಸ ಕಾನೂನಲ್ಲಿ ಅದು 105. ಪಾಟೀಸವಾಲಲ್ಲಿ ಆ ಸಾಕ್ಷಿ ಎಷ್ಟು ದೂರ ನಿಂತಿದ್ದ, ಕೊಡಲಿ ಆಗ ಎಲ್ಲಿತ್ತು, ಕಾಕಾನ ಕೈಗೆ ಗಾಯ ಆಗಿದ್ದು ನೋಡಿದನಾ ಅಂತ ಕೇಳಿಸಿ. ಗಾಯ ನೋಡೇ ಇಲ್ಲ ಅಂದರೆ ಅವನ ಮಾತಿನ ತೂಕ ಕಮ್ಮಿಯಾಗುತ್ತೆ. ಕೈಗೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೂ ಸಾಕ್ಷಿಗೆ ಕರೆಸಿ.

ಬ್ಯಾಡಗಿ ಹುಡುಗ:
ವೂಂಡ್ ಸರ್ಟಿಫಿಕೇಟ್ ಇದೆ ಸರ್, ಆದ್ರೆ ಅದರಲ್ಲಿ 'ಬಿದ್ದು ಆದ ಗಾಯ' ಅಂತ ಬರೆದಿದ್ದಾರೆ. ಭಯಕ್ಕೆ ಕಾಕಾನೇ ಹಾಗೆ ಹೇಳಿದ್ರಂತೆ.

ಧಾರವಾಡ ವಕೀಲ:
ಅದನ್ನು ಇವತ್ತೇ ನಿಮ್ಮ ವಕೀಲರಿಗೆ ಹೇಳಿ. ಗಾಯ ಹರಿತವಾದ ಆಯುಧದ್ದಾ, ಬಿದ್ದದ್ದಾ ಅಂತ ಡಾಕ್ಟರ್ ಹೇಳಬಲ್ಲರು.