ಚಳಿ ಶುರುವಾಯ್ತು: ಫೈಕಸ್, ಕಾರ್ಮೋನಾ, ಜೇಡ್ ಬೋನ್ಸಾಯ್ ಒಳಗೆ ತರೋದು ಯಾವಾಗ?

ಕುಂಡದಲ್ಲಿಕಾಡು:
ಎಲ್ಲರಿಗೂ ನಮಸ್ಕಾರ. ಹೊರಗಡೆ ನಾಲ್ಕು ಬೋನ್ಸಾಯ್ ಇವೆ: ಫೈಕಸ್ ಮೈಕ್ರೋಕಾರ್ಪಾ, ಕಾರ್ಮೋನಾ, ಜೇಡ್, ಬೋಗನ್‌ವಿಲ್ಲಾ. ಈಗ ಹಗಲು 22 ಡಿಗ್ರಿ, ರಾತ್ರಿ 14ಕ್ಕೆ ಇಳೀತಿದೆ. ಇನ್ನೊಂದು ತಿಂಗಳಿಗೆ ಮನೆಯಲ್ಲಿ ಹೀಟರ್ ಹಾಕಲೇಬೇಕು. ಕಳೆದ ಸಲ ಫೈಕಸ್ ಒಳಗೆ ಬಂದ ಹತ್ತೇ ದಿನಕ್ಕೆ ಅರ್ಧ ಎಲೆ ಉದುರಿಸಿಕೊಂಡಿತ್ತು. ಚಳಿ ತಾಗಿತ್ತಾ, ನೀರು ಕಮ್ಮಿ ಆಯ್ತಾ? ನಾಲ್ಕನ್ನೂ ಒಂದೇ ದಿನ ತರಬಹುದಾ?

ಬಿಳಲು:
ಒಂದೇ ದಿನ ಬೇಡ. ಕಾರ್ಮೋನಾ ಈ ವಾರವೇ ಬರಲಿ. ರಾತ್ರಿ 13ಕ್ಕಿಂತ ಕೆಳಗಿಳಿದರೆ ಅದು ಮುನಿಸಿಕೊಳ್ಳುತ್ತದೆ. ಫೈಕಸ್‌ಗೆ 12 ಡಿಗ್ರಿಯನ್ನು ಗಡಿ ಅಂದುಕೊಳ್ಳಿ. ಜೇಡ್ ಬೇರು ಒಣಗಿದ್ದರೆ 7-8 ಡಿಗ್ರಿವರೆಗೂ ತಡೆಯುತ್ತದೆ. ಒದ್ದೆ ಮಣ್ಣು, ಚಳಿ ಎರಡೂ ಸೇರಿದರೆ ಮಾತ್ರ ಬುಡ ಕೊಳೆಯುತ್ತದೆ, ಹಾಗಾಗಿ ಮಳೆ ಬೀಳದ ಜಾಗಕ್ಕೆ ಈಗಲೇ ಸರಿಸಿ. ಬೋಗನ್‌ವಿಲ್ಲಾ ಕೊನೆಗೆ.

ಹೀಟರ್ ಶುರುವಾಗುವ ತನಕ ಕಾಯಬೇಡಿ. ಕಿಟಕಿ ಇನ್ನೂ ತೆರೆದಿರುವ ಈ ದಿನಗಳಲ್ಲೇ ತಂದರೆ ಗಿಡಕ್ಕೆ ಬೆಳಕಿನ ಬದಲಾವಣೆ ಒಂದನ್ನು ನುಂಗಿಕೊಂಡರೆ ಸಾಕು. ತಡಮಾಡಿದರೆ ಕತ್ತಲೆ, ಒಣಗಾಳಿ, ಬಿಸಿ ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ.

ಎಲೆ ಉದುರಿದ್ದಕ್ಕೆ ಬರೀ ಚಳಿಯನ್ನು ದೂರಬೇಡಿ. ಹೊರಗಿನ ನೇರ ಬಿಸಿಲು ಹತ್ತಿರ ಹತ್ತಿರ 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ಕಿಟಕಿಯಿಂದ ಎರಡು ಮೀಟರ್ ಒಳಗೆ ಎಷ್ಟೋ ಮನೆಗಳಲ್ಲಿ 1,000 ಲಕ್ಸ್ ಕೂಡ ದಾಟುವುದಿಲ್ಲ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, 'ಚೆನ್ನಾಗೇ ಬೆಳಕಿದೆಯಲ್ಲ' ಅನ್ನಿಸುತ್ತದೆ. ಬಿಸಿಲಲ್ಲಿ ಬೆಳೆದ ಫೈಕಸ್ ಎಲೆಗಳಿಗೆ ಆ ಬೆಳಕಲ್ಲಿ ತಮ್ಮ ಖರ್ಚಿಗೇ ಸಾಲದು, ಮರ ಅವನ್ನು ಕೈಬಿಡುತ್ತದೆ. ಎರಡು ವಾರ ಮೊದಲೇ ಅರೆನೆರಳಿಗೆ ಇಟ್ಟು ಆಮೇಲೆ ತಂದರೆ ಉದುರುವುದು ಕಡಿಮೆ.

ಉತ್ತರ ಗೋಳಾರ್ಧದಲ್ಲಿದ್ದರೆ ದಕ್ಷಿಣದ ಕಿಟಕಿಗೇ ಅಂಟಿಸಿದ ಹಾಗೆ ಇಡಿ, ಆದರೆ ಎಲೆ ಗಾಜಿಗೆ ತಾಗದಿರಲಿ. ಕೆಳಗೆ ಹೀಟರ್ ಇರಬಾರದು. ಅಂಥ ಕಿಟಕಿ ಇಲ್ಲದಿದ್ದರೆ ಎಲ್‌ಇಡಿ ಹಾಕಿ: ಬಿಳಿ ಬಣ್ಣ, 4000ರಿಂದ 6500 ಕೆಲ್ವಿನ್, ನಿಜವಾಗಿ ಎಳೆಯುವ ವಿದ್ಯುತ್ 30-40 ವ್ಯಾಟ್, ಎಲೆತುದಿಯಿಂದ 20-30 ಸೆಂ.ಮೀ. ಮೇಲೆ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ 'ಇಷ್ಟು ವ್ಯಾಟ್‌ಗೆ ಸಮ' ಅನ್ನುವ ಸಂಖ್ಯೆ ನಂಬಬೇಡಿ. ಒಂಟಿ ಬಲ್ಬನ್ನು ದುಪ್ಪಟ್ಟು ದೂರಕ್ಕೆ ಏರಿಸಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಚಾವಣಿಯ ದೀಪದಿಂದ ಉಪಯೋಗವಿಲ್ಲ ಅನ್ನುವುದು ಇದಕ್ಕೇ. ಟೈಮರ್‌ನಲ್ಲಿ ದಿನಕ್ಕೆ 14 ಗಂಟೆ.

ನುಸಿಬೇಟೆ:
ಮೇಲಿನದಕ್ಕೆ ಒಂದು ಸೇರಿಸಬೇಕು. ಒಳಗೆ ತರುವ ಮೊದಲು ಹುಳ ನೋಡಿ. ಹೊರಗೆ ಮಳೆ, ಗಾಳಿ, ಗುಲಗಂಜಿ ಹುಳ ಎಲ್ಲ ಸೇರಿ ಹದ್ದುಬಸ್ತಿನಲ್ಲಿ ಇಟ್ಟಿದ್ದ ನುಸಿ, ಬೆಚ್ಚಗಿನ ಒಣ ಕೋಣೆಯಲ್ಲಿ ಎರಡೇ ವಾರಕ್ಕೆ ಮರ ತುಂಬುತ್ತದೆ.

ಒಂದು ಬಿಳಿ ಹಾಳೆಯನ್ನು ರೆಂಬೆ ಕೆಳಗೆ ಹಿಡಿದು ನಾಲ್ಕು ಸಲ ತಟ್ಟಿ. ಧೂಳಿನ ಚುಕ್ಕೆ ಕೂತಲ್ಲೇ ಕೂರುತ್ತದೆ, ನುಸಿ ಹರಿದಾಡುತ್ತದೆ. ಎಲೆ ಮಗುಚಿ ನಡುನರದ ಪಕ್ಕ ನೋಡಿ: ಕಂದು ಬಣ್ಣದ ಸಣ್ಣ ಉಬ್ಬು ಉಗುರಿಗೆ ಕಿತ್ತು ಬಂದರೆ ಅದು ಶಲ್ಕ ಕೀಟ. ಕವಲಿನ ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಎಲೆ ಮೇಲೆ ಅಂಟಂಟು ಇದ್ದು ಇರುವೆ ಓಡಾಡುತ್ತಿದ್ದರೆ ಎರಡರಲ್ಲೊಂದು ಇದೆ ಅಂತಲೇ ಲೆಕ್ಕ.

1 ಲೀಟರ್ ಉಗುರುಬೆಚ್ಚನೆ ನೀರಿಗೆ ಮೊದಲು 2 ಮಿ.ಲೀ. ದ್ರವ ಸೋಪು ಕದಡಿ, ಆಮೇಲೆ 5 ಮಿ.ಲೀ. ಬೇವಿನೆಣ್ಣೆ ಹಾಕಿ ಕುಲುಕಿ. ಸೋಪು ಮೊದಲು ಹಾಕದಿದ್ದರೆ ಎಣ್ಣೆ ತೇಲುತ್ತದೆ, ಕೊನೆಗೆ ಸಿಂಪಡಿಸಿದ ಎಲೆಗೆ ಬರೀ ಎಣ್ಣೆ ಬಿದ್ದು ಸುಡುತ್ತದೆ. ಸಂಜೆ ಹೊತ್ತು, ಎಲೆಯ ತಳಕ್ಕೆ, ವಾರಕ್ಕೊಮ್ಮೆ, ಮೂರು ಸಲ. ಮೊಟ್ಟೆಗೆ ಔಷಧಿ ಅಷ್ಟಾಗಿ ನಾಟುವುದಿಲ್ಲ, ಒಂದೇ ಸಲಕ್ಕೆ ಬಿಡಬಾರದು ಅನ್ನುವುದು ಅದಕ್ಕೇ. ಕಾರ್ಮೋನಾಗೆ ಮೊದಲು ಒಂದು ರೆಂಬೆಗೆ ಹಾಕಿ ಎರಡು ದಿನ ನೋಡಿ. ಜೇಡ್‌ಗೆ ಇದು ಬೇಡವೇ ಬೇಡ, ಎಲೆಯ ಮೇಣ ಹೋಗುತ್ತದೆ. 70% ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹುಳವನ್ನಷ್ಟೇ ಮುಟ್ಟಿ.

ಕುಂಡದಲ್ಲಿ ಇರುವೆ ಗೂಡಿದ್ದರೆ ಅಂಚಿನವರೆಗೆ ನೀರಲ್ಲಿ 20 ನಿಮಿಷ ಮುಳುಗಿಸಿ ತೆಗೆಯಿರಿ. ತಂದ ಮೇಲೂ ಎರಡು ವಾರ ಬೇರೆ ಗಿಡಗಳಿಂದ ದೂರ.

ಕುಂಡದಲ್ಲಿಕಾಡು:
ಬಹಳ ಉಪಯೋಗವಾಯ್ತು. ಹಾಳೆ ತಟ್ಟಿ ನೋಡಿದೆ, ಕಾರ್ಮೋನಾದಲ್ಲಿ ಚುಕ್ಕೆಗಳು ಹರಿದಾಡ್ತಿವೆ! ಅದಕ್ಕೆ ಸಿಂಪಡಣೆ ಶುರು ಮಾಡ್ತೀನಿ. ಎಲೆ ಉದುರಿದಾಗ ನೀರು ಜಾಸ್ತಿ ಕೊಡಬೇಕಾ? ತೇವಾಂಶಕ್ಕೆ ಕಲ್ಲು ಹಾಕಿದ ತಟ್ಟೆ ಸಾಕಾ?

ಹನಿಲೆಕ್ಕ:
ಎಲೆ ಉದುರಿದ ಮರಕ್ಕೆ ನೀರು ಕಮ್ಮಿ ಮಾಡಬೇಕು, ಜಾಸ್ತಿ ಅಲ್ಲ. ನೀರು ಎಳೆಯುವುದೇ ಎಲೆ. ಅರ್ಧ ಎಲೆ ಹೋಯಿತೆಂದರೆ ಕುಂಡದ ತೇವ ಎರಡರಷ್ಟು ದಿನ ನಿಲ್ಲುತ್ತದೆ. ಗಾಬರಿಯಲ್ಲಿ ದಿನಾ ನೀರು ಹಾಕಿ ಬೇರು ಕೊಳೆಸಿ, 'ಚಳಿಗೆ ಸತ್ತಿತು' ಅಂತ ಬರೆಯುವವರೇ ಹೆಚ್ಚು.

ಬಿದಿರು ಕಡ್ಡಿಯೊಂದನ್ನು ಅಂಚಿಗೂ ಕಾಂಡಕ್ಕೂ ನಡುವೆ ತಳದ ತನಕ ಚುಚ್ಚಿ 10 ನಿಮಿಷ ಬಿಡಿ. ತುದಿಯ ಅರ್ಧ ಕಪ್ಪಾಗಿ ತಣ್ಣಗಿದ್ದರೆ ಇವತ್ತು ನೀರು ಬೇಡ. ತುಸು ಮಾತ್ರ ತೇವ ಅನ್ನಿಸಿದರೆ ತಳದ ತೂತಿನಿಂದ ಹರಿಯುವಷ್ಟು ಕೊಡಿ, ಕೋಣೆಯಷ್ಟೇ ಬೆಚ್ಚಗಿನ ನೀರು. ಮೇಲೆ ಮೇಲೆ ಒಂದು ಲೋಟ ಚಿಮುಕಿಸುವುದು ಕೆಟ್ಟ ಅಭ್ಯಾಸ, ಕೆಳಬೇರು ಒಣಗಿಯೇ ಇರುತ್ತದೆ. ಜೇಡ್‌ಗೆ ಕಡ್ಡಿಯೂ ಬೇಡ, ಕೆಳಗಿನ ಎಲೆ ಮೆತ್ತಗಾಗಿ ಸುಕ್ಕು ಬಿದ್ದ ಮೇಲೆ ಕೊಟ್ಟರೆ ಸಾಕು.

ಎಲೆಯಿಲ್ಲದ ಕೊಂಬೆ ಸತ್ತಿದೆಯೋ ಇಲ್ಲವೋ ನೋಡಲು ಉಗುರಲ್ಲಿ ತೊಗಟೆ ಗೀರಿ: ಒಳಗೆ ಹಸಿರಿದ್ದು ಫೈಕಸ್‌ನ ಬಿಳಿ ಹಾಲು ಜಿನುಗಿದರೆ ಜೀವ ಇದೆ. ಬೆಳಕು ಸರಿಯಿದ್ದರೆ ಕೆಲವು ವಾರದಲ್ಲಿ ಚಿಗುರುತ್ತದೆ.

ಕಲ್ಲಿನ ತಟ್ಟೆ ಚೆಲ್ಲಿದ ನೀರು ಹಿಡಿಯಲು ಒಳ್ಳೆಯದು, ತೇವಾಂಶ ಏರಿಸುತ್ತದೆ ಅನ್ನುವುದು ಬಹುಪಾಲು ಸಮಾಧಾನ. 0 ಡಿಗ್ರಿಯ, 80% ತೇವಾಂಶದ ಹೊರಗಾಳಿ ಒಳಗೆ ಬಂದು 22 ಡಿಗ್ರಿಗೆ ಕಾದರೆ ಅದೇ ಗಾಳಿಯ ತೇವಾಂಶ 20%ಕ್ಕೂ ಕೆಳಗೆ ಬೀಳುತ್ತದೆ. ಅದನ್ನು ಒಂದು ತಟ್ಟೆ ನೀರು ಸರಿಮಾಡುತ್ತದೆಯೇ? ಹ್ಯುಮಿಡಿಫೈಯರ್ ಇಡಿ, ಇಲ್ಲವೇ ಎಲ್ಲ ಕುಂಡಗಳನ್ನೂ ದೀಪದ ಕೆಳಗೆ ಒತ್ತೊತ್ತಾಗಿಟ್ಟು ಮೂರು ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಎಲೆಗೆ ನೀರು ಚಿಮುಕಿಸಿದರೆ ಅರ್ಧ ಗಂಟೆಯೊಳಗೆ ಆರಿಹೋಗುತ್ತದೆ.

ನುಸಿಬೇಟೆ:
ಚಿಮುಕಿಸುವ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ತೇವಾಂಶಕ್ಕಲ್ಲದಿದ್ದರೂ, ವಾರಕ್ಕೊಮ್ಮೆ ಸಿಂಕಿನಲ್ಲಿ ಎಲೆಯ ತಳ ಜೋರಾಗಿ ತೊಳೆದರೆ ನುಸಿ ಹತೋಟಿಗೆ ಬರುತ್ತದೆ. ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿಕೊಂಡು ತೊಳೆಯಿರಿ. ಇನ್ನು ಎರಡೇ ತಿಂಗಳಿಗೆ ಪ್ಲಾಸ್ಟಿಕ್ ಗುಡಾರದಲ್ಲಿ ಬೂಷ್ಟು ಬರುತ್ತದೆ, ಸಣ್ಣ ಫ್ಯಾನ್ ಇರಲಿ.

ಬಿಳಲು:
ಬೋಗನ್‌ವಿಲ್ಲಾ ಬಿಟ್ಟುಹೋಗಿತ್ತು. ದೀಪದ ಕೆಳಗೆ ಜಾಗ ಇಲ್ಲದಿದ್ದರೆ 10 ಡಿಗ್ರಿ ಆಸುಪಾಸಿನ ತಂಪು ಕೋಣೆಯಲ್ಲಿ, ಮಣ್ಣು ಬಹುತೇಕ ಒಣಗಿರುವ ಹಾಗೆ ಇಡಿ. ಎಲೆ ಬಿದ್ದರೂ ಚಿಂತೆಯಿಲ್ಲ, ಅದು ವಿಶ್ರಾಂತಿ. ಗೊಬ್ಬರ ಅದಕ್ಕೆ ಬೇಡ. ದೀಪದ ಕೆಳಗೆ ಚಿಗುರುತ್ತಿರುವ ಮರಗಳಿಗೆ ಮಾತ್ರ ಅರ್ಧ ಪ್ರಮಾಣ, ತಿಂಗಳಿಗೊಮ್ಮೆ. ಬೇರು ಕತ್ತರಿಸಿ ಕುಂಡ ಬದಲಿಸುವ ಕೆಲಸ ಚಳಿಗಾಲದಲ್ಲಿ ಮುಟ್ಟಲೇಬೇಡಿ.

ವಾಪಸ್ ಹೊರಗೆ ಒಯ್ಯುವುದು ರಾತ್ರಿ 12-13 ಡಿಗ್ರಿ ಸತತವಾಗಿ ನಿಂತ ಮೇಲೆ. ಒಳಗೆ ಹುಟ್ಟಿದ ಎಲೆ ನೇರ ಬಿಸಿಲನ್ನೇ ಕಂಡಿರುವುದಿಲ್ಲ, ಮೊದಲ ಮಧ್ಯಾಹ್ನವೇ ಬೆಳ್ಳಗೆ ಸುಡುತ್ತದೆ. ವಾರ ಪೂರ್ತಿ ನೆರಳು, ಇನ್ನೊಂದು ವಾರ ಬೆಳಗಿನ ಬಿಸಿಲು, ಆಮೇಲೆ ಹಳೇ ಜಾಗ.