ಪದಚರ್ಚೆ: ‘ಚೋಕ್ ತೆಗೆ’ ಅಂದರೆ ಕಳಚುವುದೋ, ತಪ್ಪಿಸುವುದೋ?

ಎಲ್ಲರಿಗೂ ನಮಸ್ಕಾರ.

ಶಿರಸಿ ಸುತ್ತಲಿನ ಹಳ್ಳಿಮನೆಗಳಿಗೆ ಹಂಚುವುದಕ್ಕೆ ಒಂದು ಪುಟದ ಬರಹ ತಯಾರು ಮಾಡುತ್ತಿದ್ದೇನೆ. ಗೋಡೆಯ ಮೇಲಿರುವ ಹಳೇ ಟ್ಯೂಬ್‌ಲೈಟ್ ಪಟ್ಟಿಯನ್ನು ಬಿಸಾಡದೆ ಅದಕ್ಕೇ ಎಲ್‌ಇಡಿ ಟ್ಯೂಬ್ ಕೂರಿಸುವುದು ಹೇಗೆ ಎಂಬುದು ವಿಷಯ. ಜಗುಲಿ, ಕೊಟ್ಟಿಗೆ, ಅಡಿಕೆ ಸುಲಿಯುವ ಜಾಗ, ಎಲ್ಲ ಕಡೆಯೂ ಇನ್ನೂ ನಾಲ್ಕಡಿಯ ಹಳೇ ಟ್ಯೂಬುಗಳಿವೆ. 36 ಅಥವಾ 40 ವಾಟಿನ ಟ್ಯೂಬಿಗೆ ಚೋಕಿನ (ಟ್ಯೂಬ್ ಹೊತ್ತಿಸಿ, ಕರೆಂಟನ್ನು ಹಿಡಿತದಲ್ಲಿಡುವ, ಪಟ್ಟಿಯೊಳಗಿನ ಭಾಗ) ಪಾಲನ್ನೂ ಸೇರಿಸಿದರೆ ಹತ್ತಿರ ಹತ್ತಿರ 50 ವಾಟ್ ಆಗುತ್ತದೆ. ಅದೇ ಉದ್ದದ ಎಲ್‌ಇಡಿಗೆ 18ರಿಂದ 20 ವಾಟ್ ಸಾಕು. ಹಾಗಾಗಿ ಬದಲಾಯಿಸುವವರು ಬಹಳ. ಬರಹ ಮುಕ್ಕಾಲು ಮುಗಿದಿದೆ. ಒಂದು ಕ್ರಿಯಾಪದ ಮಾತ್ರ ನನ್ನನ್ನು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ಅದು ‘ತೆಗೆ’.

ಬಾಗಿಲು ತೆಗೆ ಅಂದರೆ ತೆರೆ. ನಲ್ಲಿ ತೆಗೆ ಅಂದರೆ ನೀರು ಬರುವಂತೆ ಮಾಡು. ಲೈಟ್ ತೆಗೆ ಅಂದರೆ ಆರಿಸು. ನಲ್ಲಿಯಲ್ಲಿ ಹರಿವು ಶುರುವಾಗುವುದೂ ಇದೇ ಮಾತಿನಿಂದ, ಲೈಟಿನಲ್ಲಿ ಹರಿವು ನಿಲ್ಲುವುದೂ ಇದೇ ಮಾತಿನಿಂದ. ದಿನನಿತ್ಯದ ಮಾತಿನಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ, ಯಾಕೆಂದರೆ ನಲ್ಲಿಯೋ ಲೈಟೋ ಕಣ್ಣೆದುರಿಗೇ ಇರುತ್ತದೆ. ಆದರೆ ‘ಟ್ಯೂಬ್ ತೆಗೆ’ ಅಂದರೆ? ಸ್ವಿಚ್ ಆರಿಸುವುದೋ, ಟ್ಯೂಬನ್ನೇ ಹೋಲ್ಡರಿನಿಂದ ಕೆಳಗಿಳಿಸುವುದೋ? ಇದರ ಜೋಡಿಪದ ‘ಹಾಕು’ ಇನ್ನೂ ಕಷ್ಟದ್ದು. ಲೈಟ್ ಹಾಕು ಅಂದರೆ ಹೊತ್ತಿಸು. ಟ್ಯೂಬ್ ಹಾಕು ಅಂದರೆ ಹೊತ್ತಿಸು ಎಂದೂ ಆಗಬಹುದು, ಪಟ್ಟಿಗೆ ಸಿಕ್ಕಿಸು ಎಂದೂ ಆಗಬಹುದು. ಸ್ಟೂಲಿನ ಮೇಲೆ ನಿಂತವರು ಎರಡು ಕೈಯಲ್ಲೂ ಟ್ಯೂಬ್ ಹಿಡಿದು ‘ಈಗ ಹಾಕ್ತೆ’ ಅಂದಾಗ ಕೆಳಗೆ ನಿಂತ ಹುಡುಗ ಸ್ವಿಚ್ ಒತ್ತಿದರೆ ತಪ್ಪು ಹುಡುಗನದಲ್ಲ. ಕೆಲವು ಎಲ್‌ಇಡಿ ಟ್ಯೂಬುಗಳಿಗೆ ಒಂದು ತುದಿಯಿಂದ ಫೇಸ್ (ಕರೆಂಟ್ ಬರುವ ವೈರ್), ಇನ್ನೊಂದು ತುದಿಯಿಂದ ನ್ಯೂಟ್ರಲ್ (ಅದು ಮರಳುವ ವೈರ್) ಕೊಡುತ್ತಾರೆ. ಅಂಥದ್ದರಲ್ಲಿ ಒಂದು ತುದಿ ಹೋಲ್ಡರಿನಲ್ಲಿ ಕೂತು ಇನ್ನೊಂದು ತುದಿ ಕೈಯಲ್ಲಿದ್ದಾಗ ಕರೆಂಟ್ ಬಂದರೆ, ಒಳಗೆ ತಕ್ಕ ರಕ್ಷಣೆ ಇಲ್ಲದ ಟ್ಯೂಬಾದರೆ ಕೈಯಲ್ಲಿರುವ ಪಿನ್ನು ಶಾಕ್ ಹೊಡೆಯಬಹುದು.

ಈಗ ಚೋಕಿನ ವಿಷಯ. ಹಳೇ ಟ್ಯೂಬಿನ ಚೋಕ್ ಎರಡು ಕೆಲಸ ಮಾಡುತ್ತದೆ. ಸ್ವಿಚ್ ಒತ್ತಿದೊಡನೆ ಪಟ್ಟಿಯ ಬದಿಯಲ್ಲಿರುವ ಸಣ್ಣ ಡಬ್ಬಿ, ಅಂದರೆ ಸ್ಟಾರ್ಟರಿನ ಒಳಗೆ ಮಿಣಮಿಣ ಬೆಳಕು ಕಾಣುತ್ತದಲ್ಲ, ಆ ಬಿಸಿಗೆ ಅದರ ಎರಡು ಲೋಹದ ಎಲೆ ಬಾಗಿ ಒಂದಕ್ಕೊಂದು ತಾಗುತ್ತವೆ. ಆಗ ಟ್ಯೂಬಿನ ಎರಡೂ ತುದಿಯ ಫಿಲಮೆಂಟ್ ಕಾಯುತ್ತದೆ. ತಾಗಿದ ಎಲೆಗಳು ತಣಿದು ಬಿಟ್ಟುಕೊಂಡ ಆ ಕ್ಷಣದಲ್ಲಿ ಚೋಕಿನ ಸುರುಳಿಯಿಂದ ಮೇನ್ಸಿಗಿಂತ ಬಹಳ ಹೆಚ್ಚಿನ ವೋಲ್ಟೇಜಿನ ಒದೆತ ಬಂದು ಟ್ಯೂಬ್ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ಕರೆಂಟ್ ಮಿತಿಮೀರಿ ಏರದಂತೆ ಹಿಡಿಯುವುದೂ ಇದೇ ಚೋಕ್. ಎಲ್‌ಇಡಿ ಟ್ಯೂಬಿಗೆ ಈ ಎರಡೂ ಬೇಡ, ಬೇಕಾದ್ದೆಲ್ಲ ಅದರ ಒಳಗಿನ ಡ್ರೈವರ್ ಎಂಬ ಸಣ್ಣ ಸರ್ಕಿಟ್ ಮಾಡಿಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ‘ಚೋಕ್ ತೆಗೆ’ ಎಂದು ಬರೆದು ಮುಗಿಸಬಹುದಿತ್ತು.

ಆದರೆ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಟ್ಯೂಬಿನಲ್ಲಿ ಜಾತಿಗಳಿವೆ. ಒಂದು ಜಾತಿ ಹಳೇ ತಾಮ್ರದ ಸುರುಳಿಯ ಚೋಕ್ ಇದ್ದಲ್ಲೇ ಇದ್ದರೂ ಓಡುತ್ತದೆ. ಅದರ ಪೆಟ್ಟಿಗೆಯಲ್ಲಿ ಸ್ಟಾರ್ಟರಿನಂತೆಯೇ ಕಾಣುವ ಒಂದು ತುಂಡು ಬರುತ್ತದೆ, ಒಳಗಿರುವುದು ಬರೀ ಫ್ಯೂಸ್. ಹಳೇ ಸ್ಟಾರ್ಟರ್ ಬಿಚ್ಚಿ ಅದನ್ನು ತಿರುಗಿಸಿದರೆ ಆಯಿತು, ವೈರಿಗೆ ಕೈ ಹಚ್ಚುವುದೇ ಬೇಡ. ಇನ್ನೊಂದು ಜಾತಿಗೆ ಚೋಕ್, ಸ್ಟಾರ್ಟರ್ ಎರಡನ್ನೂ ಬಿಟ್ಟು ಫೇಸ್ ಮತ್ತು ನ್ಯೂಟ್ರಲ್ ಸೀದಾ ಹೋಲ್ಡರಿಗೆ ಬರಬೇಕು. ಎಲೆಕ್ಟ್ರಾನಿಕ್ ಚೋಕಿನ (ಬರೀ ಸುರುಳಿಯ ಬದಲು ಒಳಗೆ ಸರ್ಕಿಟ್ ಇರುವ ಚೋಕ್) ಪಟ್ಟಿಯಾದರೆ ಸಾಮಾನ್ಯವಾಗಿ ಈ ಎರಡನೆಯ ದಾರಿಯೇ.

ಎರಡನೆಯದರಲ್ಲಿ, ಹಳೇ ಸುರುಳಿಯ ಚೋಕಾದರೆ, ಅದರ ಕಬ್ಬಿಣದ ಗಟ್ಟಿಯನ್ನು ಪಟ್ಟಿಯಿಂದ ಬಿಚ್ಚಿ ಕೆಳಗಿಡಲೇಬೇಕೆಂದಿಲ್ಲ. ಅದಕ್ಕೆ ಹೋದ ಎರಡು ವೈರುಗಳನ್ನು ಬಿಡಿಸಿ, ಒಂದಕ್ಕೊಂದು ಸೇರಿಸಿ, ಮೇಲೆ ಟೇಪ್ ಸುತ್ತಿದರೂ ಆಗುತ್ತದೆ. ಹಾಗಿರುವಾಗ ‘ತೆಗೆ’ ಎಂದು ಓದಿದವರು ಏನು ಮಾಡಬಹುದು? ನಮ್ಮೂರಿನ ಒಂದು ಜಗುಲಿಯಲ್ಲಿ ಕೇಳಿದ ಮಾತು:

‘ಚೋಕ್ ತೆಗದ್ಯನಾ ತಮಾ?’

‘ತೆಗದಿ ಮಾವಾ.’

ಮಾವ ಕೇಳಿದ್ದು ವೈರಿನಿಂದ ಬಿಡಿಸಿದ್ದೀಯಾ ಎಂದು. ತಮ್ಮ ಮಾಡಿದ್ದು ಸ್ಟಾರ್ಟರ್ ಬಿಚ್ಚಿದ್ದು. ಅವನ ಪಾಲಿಗೆ ಬದಿಯಲ್ಲಿ ತಿರುಗಿಸಿ ಬಿಚ್ಚುವ ಆ ಬಿಳಿ ಡಬ್ಬಿಯೇ ಚೋಕ್. ಇಬ್ಬರೂ ಆಡಿದ್ದು ಸರಿಯಾದ ಕನ್ನಡವೇ.

ಬೇರೆ ಪದಗಳನ್ನು ಒಂದೊಂದಾಗಿ ನೋಡಿದ್ದೇನೆ. ಶಿರಸಿ ಪೇಟೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ‘ಡೈರೆಕ್ಟ್ ಕೊಡು’ ಎಂದಿದೆ. ಕೆಲಸ ಬಲ್ಲವರಿಗೆ ಅದು ಸಾಕು. ನನಗೆ ಎರಡು ಕಾರಣಕ್ಕೆ ಒಗ್ಗುತ್ತಿಲ್ಲ. ಮೀಟರ್ ತಪ್ಪಿಸಿ ಕಂಬದಿಂದ ಎಳೆದುಕೊಂಡರೂ ‘ಡೈರೆಕ್ಟ್’ ಅನ್ನುತ್ತೇವೆ, ಸ್ವಿಚ್ಚಿಲ್ಲದೆ ಜೋಡಿಸಿದರೂ ‘ಡೈರೆಕ್ಟ್’ ಅನ್ನುತ್ತೇವೆ. ಅದಕ್ಕಿಂತ ಮುಖ್ಯ, ಎಲ್ಲಿಗೆ ಕೊಡಬೇಕು ಎಂಬುದನ್ನು ಆ ಮಾತು ಹೇಳುವುದೇ ಇಲ್ಲ. ಕೆಲವು ಟ್ಯೂಬುಗಳಲ್ಲಿ ಒಂದು ತುದಿಯ ಎರಡು ಪಿನ್ನು ಒಳಗೇ ಕೂಡಿರುತ್ತವೆ. ಆ ತುದಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ‘ಡೈರೆಕ್ಟ್’ ಕೊಟ್ಟರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಯಾವ ತುದಿಗೆ ಕೊಡಬೇಕೆಂದು ಟ್ಯೂಬಿನ ಮೇಲೆಯೇ ಅಚ್ಚಾಗಿರುವುದನ್ನು ಓದಿ ಜೋಡಿಸಬೇಕು.

‘ಬೈಪಾಸ್ ಮಾಡು’ ಎಲ್ಲರಿಗೂ ಗೊತ್ತಿರುವ ಪದ, ರಸ್ತೆಯಿಂದಲೂ ಹೃದಯದ ಆಪರೇಷನ್ನಿನಿಂದಲೂ. ಅರ್ಥ ಸರಿಯಾಗಿ ಕೂರುತ್ತದೆ: ಹಳೆಯದು ಇದ್ದಲ್ಲೇ ಇರುತ್ತದೆ, ದಾರಿ ಮಾತ್ರ ಬೇರೆ. ಇದನ್ನೇ ಇಟ್ಟುಕೊಳ್ಳೋಣ ಎಂದು ಒಬ್ಬ ಹಿರಿಯರ ಸಲಹೆ. ನನ್ನ ಒಲವು ‘ತಪ್ಪಿಸು’ ಕಡೆಗೆ. ‘ಚೋಕಿನ ವೈರ್ ಬಿಡಿಸಿ, ಕರೆಂಟ್ ಚೋಕಿಗೆ ಹೋಗುವುದನ್ನು ತಪ್ಪಿಸಿ’ ಎಂದರೆ ಕೈ ಏನು ಮಾಡಬೇಕು, ಅದರಿಂದ ಏನಾಗಬೇಕು, ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಅಂದರೆ ವೈರಿಗೆ ‘ಬಿಡಿಸು’, ಕರೆಂಟಿಗೆ ‘ತಪ್ಪಿಸು’, ಸ್ಕ್ರೂ ಬಿಚ್ಚಿ ಕೆಳಗಿಳಿಸುವ ವಸ್ತುವಿಗೆ ‘ಕಳಚು’. ‘ತೆಗೆ’ಯನ್ನು ಇಡೀ ಪುಟದಲ್ಲಿ ಎಲ್ಲಿಯೂ ಬಳಸದಿರುವುದು. ಈ ಹಂಚಿಕೆ ನಿಮಗೆ ಸರಿ ಕಾಣುತ್ತದೆಯೇ?

ಆರಿಸಿ ಹೊತ್ತಿಸುವುದಕ್ಕೆ ಕಾರವಾರ, ಅಂಕೋಲಾ ಕಡೆ ನಾನು ಕೇಳಿರುವ ‘ಚಾಲೂ ಮಾಡು, ಬಂದ್ ಮಾಡು’ ಜೋಡಿಯೇ ಒಳ್ಳೆಯದು ಅನ್ನಿಸಿದೆ. ಇಬ್ಬಗೆಯ ಅರ್ಥಕ್ಕೆ ಅಲ್ಲಿ ಜಾಗವೇ ಇಲ್ಲ. ಕಂಬ ಹತ್ತುವ ಲೈನ್‌ಮನ್‌ಗಳು ‘ತೆಗೆದಿದ್ದೇವೆ’ ಎಂಬ ಮಾತನ್ನಷ್ಟೇ ನಂಬದೆ, ಲೈನಿನಲ್ಲಿ ಕರೆಂಟ್ ಬಂದ್ ಆಗಿದೆ ಎಂಬ ‘ಲೈನ್ ಕ್ಲಿಯರ್’ ಒಪ್ಪಿಗೆ ಪಡೆದೇ ಮೇಲೇರುವುದು ಸುಮ್ಮನೆ ಅಲ್ಲ. ಮನೆಯಲ್ಲಿಯೂ ಬರೀ ಸ್ವಿಚ್ ಬಂದ್ ಮಾಡಿದರೆ ಸಾಲದು. ಹಳೇ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲಿನ ಮೇಲೆ ಕೂತಿರುವುದುಂಟು. ಆಗ ಲೈಟ್ ಆರಿದರೂ ಪಟ್ಟಿಯ ಒಳಗೆ ಫೇಸ್ ಇದ್ದೇ ಇರುತ್ತದೆ. ಅದಕ್ಕಾಗಿ ಪುಟದ ಮೊದಲ ಸಾಲೇ ‘ಮೇನ್ ಸ್ವಿಚ್ ಬಂದ್ ಮಾಡಿ, ಆಮೇಲೆ ಟೆಸ್ಟರ್ ಹಚ್ಚಿ ನೋಡಿ’ ಎಂದು ಇಟ್ಟಿದ್ದೇನೆ.

ಫೇಸ್, ನ್ಯೂಟ್ರಲ್ ಎಂದೇ ಬರೆದಿದ್ದೇನೆ. ಶಾಲೆಯ ಪುಸ್ತಕದ ‘ಸಜೀವ ತಂತಿ’, ‘ತಟಸ್ಥ ತಂತಿ’ ಮಕ್ಕಳಿಗೆ ಗೊತ್ತು, ಆದರೆ ಸ್ಟೂಲ್ ಹತ್ತುವವರು ಅವರಲ್ಲ. ‘ಪಟ್ಟಿ’ ಬಗ್ಗೆಯೂ ಸಣ್ಣ ಅನುಮಾನವಿದೆ. ಅಂಟಿಸುವ ಎಲ್‌ಇಡಿ ಸ್ಟ್ರಿಪ್ಪನ್ನೂ ಕೆಲವರು ಪಟ್ಟಿ ಅನ್ನಲು ಶುರು ಮಾಡಿದ್ದಾರೆ. ಸದ್ಯಕ್ಕೆ ‘ಟ್ಯೂಬ್ ಪಟ್ಟಿ’ ಎಂದು ಬರೆದು ಮುಂದೆ ಹೋಗಿದ್ದೇನೆ.

ಕೆಲಸ ಮುಗಿದ ಮೇಲೆ ಪಟ್ಟಿಯ ಮೇಲೆ ಒಂದು ಚೀಟಿ ಅಂಟಿಸಬೇಕು. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಲೇಬೇಕಾದ್ದು. ಒಂದೇ ತುದಿಗೆ ಫೇಸ್, ನ್ಯೂಟ್ರಲ್ ಎರಡೂ ಕೊಟ್ಟ ಪಟ್ಟಿಗೆ ಮುಂದೆ ಯಾರಾದರೂ ಅಟ್ಟದ ಮೇಲಿನ ಹಳೇ ಟ್ಯೂಬ್ ತಂದು ಸಿಕ್ಕಿಸಿದರೆ, ಫಿಲಮೆಂಟಿಗೆ 230 ವೋಲ್ಟ್ ನೇರ ಬಿದ್ದು ಸುಟ್ಟುಹೋಗುತ್ತದೆ. ಚೀಟಿಯಲ್ಲಿ ‘ಇದರಲ್ಲಿ ಚೋಕ್ ತಪ್ಪಿಸಿದೆ. ಎಲ್‌ಇಡಿ ಟ್ಯೂಬ್ ಮಾತ್ರ ಸಿಕ್ಕಿಸಿ’ ಎಂದು ಬರೆದಿದ್ದೇನೆ. ಓದಿದವರಿಗೆ ಚೋಕ್ ಕಾಣುತ್ತಲೇ ಇರುವಾಗ ‘ತಪ್ಪಿಸಿದೆ’ ತಿಳಿಯುತ್ತದೋ, ‘ಚೋಕಿಗೆ ಕರೆಂಟ್ ಇಲ್ಲ’ ಎಂದು ಬಿಡಿಸಿ ಹೇಳಬೇಕೋ?

ಕಳಚಿದ ಹಳೇ ಟ್ಯೂಬಿನಲ್ಲಿ ಪಾದರಸವಿದೆ, ಒಡೆದು ಗೊಬ್ಬರಗುಂಡಿಗೋ ಹಳ್ಳಕ್ಕೋ ಎಸೆಯಬೇಡಿ ಎಂಬುದನ್ನೂ ಸೇರಿಸಿದ್ದೇನೆ. ಅಲ್ಲಿ ಪದದ ತಕರಾರು ಏನೂ ಇಲ್ಲ.

ಕುಮಟಾ, ಹೊನ್ನಾವರ, ಭಟ್ಕಳ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಲೈಟ್ ತೆಗೆ’ ಅಂದರೆ ಆರಿಸು ಎಂದೇ ಅರ್ಥವೇ, ಟ್ಯೂಬ್ ಸಿಕ್ಕಿಸುವುದಕ್ಕೆ ‘ಹಾಕು’ ಬಿಟ್ಟು ಬೇರೆ ಮಾತಿದೆಯೇ? ಕೆಲಸ ಮಾಡುವವರ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಬರೆದರೆ ಒಳ್ಳೆಯದು. ಮಳೆಗಾಲ ಹಿಡಿಯುವ ಮೊದಲು ಪುಟ ಅಚ್ಚಿಗೆ ಹೋಗಬೇಕು.