ಡೈಜೆಸ್ಟ್‌ನಲ್ಲಿ ಒಂದೇ ಪತ್ರ ಎರಡೆರಡು ಸಲ: ಅನುಭವ ಇದ್ದವರು ತಿಳಿಸಿ

ಕೇಳಿದವರು:
ಹಳೆಯ ವಿದ್ಯಾರ್ಥಿಗಳ ಬಳಗಕ್ಕಾಗಿ ಮೇಲ್‌ಮ್ಯಾನ್ 2 ಎಂಬ ತಂತ್ರಾಂಶದಲ್ಲಿ ಒಂದು ಮೇಲಿಂಗ್ ಲಿಸ್ಟ್ (ಒಬ್ಬರು ಬರೆದ ಇಮೇಲ್ ಎಲ್ಲ ಸದಸ್ಯರಿಗೂ ತಲುಪುವ ವ್ಯವಸ್ಥೆ) ನಡೆಸುತ್ತಿದ್ದೇನೆ. ಪತ್ರಗಳನ್ನೆಲ್ಲ ಒಟ್ಟುಗೂಡಿಸಿದ ಡೈಜೆಸ್ಟ್ ದಿನಕ್ಕೊಂದು ಬಂದರೆ ಸಾಕು ಎನ್ನುವ ಹಿರಿಯರೇ ಹೆಚ್ಚು. ಎರಡು ವಾರಗಳಿಂದ ಕೆಲವು ಪತ್ರಗಳು ಒಂದೇ ಡೈಜೆಸ್ಟ್‌ನಲ್ಲಿ ಎರಡೆರಡು ಸಲ ಇರುತ್ತವೆ. ಮೂವರು ಬೇಸತ್ತು ಬಿಟ್ಟುಹೋಗುತ್ತೇವೆ ಎಂದಿದ್ದಾರೆ. ಎಲ್ಲಿಂದ ಹುಡುಕಲಿ?

ಮೊದಲ ಉತ್ತರ:
ಸದ್ಯಕ್ಕೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಎರಡೂ ಪ್ರತಿಗಳ ಮೆಸೇಜ್-ಐಡಿ (ಪ್ರತಿ ಇಮೇಲ್‌ಗೂ ಇರುವ ಪ್ರತ್ಯೇಕ ಗುರುತು) ನೋಡಿ. ಸಾದಾ ಪಠ್ಯದ ಡೈಜೆಸ್ಟ್‌ನಲ್ಲೂ ಪ್ರತಿ ಪತ್ರದ ತಲೆಗೆ ದಿನಾಂಕ, ವಿಷಯದ ಜೊತೆ ಅದು ಇರುತ್ತದೆ. ಐಡಿ ಬೇರೆಬೇರೆಯಾಗಿದ್ದರೆ ಬರೆದವರೇ ಎರಡು ಸಲ ಕಳುಹಿಸಿರುತ್ತಾರೆ. ಒಂದೇ ಆಗಿದ್ದರೆ ದಾರಿಯಲ್ಲೆಲ್ಲೋ ನಕಲಾಗಿದೆ.

ನನಗೆ ಆದದ್ದು ಎರಡನೆಯದು. ಡೈಜೆಸ್ಟ್ ಕಟ್ಟುವ ಕಡೆಯೇ ತಪ್ಪಿದೆ ಎಂದುಕೊಂಡು ನಾಲ್ಕು ಸಂಜೆ ಅಲ್ಲೇ ತಡಕಾಡಿದೆ. ತಪ್ಪು ಇದ್ದದ್ದು ಪತ್ರ ಒಳಗೆ ಬರುವ ಬಾಗಿಲಲ್ಲಿ. ದೊಡ್ಡ ಅಟ್ಯಾಚ್‌ಮೆಂಟ್ ಬಂದರೆ ನಮ್ಮ ಸರ್ವರ್ ವೈರಸ್ ತಪಾಸಣೆ ಮುಗಿಯುವವರೆಗೂ ‘ಸ್ವೀಕರಿಸಿದ್ದೇನೆ’ ಎಂಬ 250 ಉತ್ತರವನ್ನು ಕೊಡುತ್ತಿರಲಿಲ್ಲ. ಆ ಕಡೆಯ ಸರ್ವರ್ ಕಾದು ಕಾದು ಸಂಪರ್ಕ ಕಡಿದುಕೊಂಡು, ಪತ್ರ ತಲುಪಿಲ್ಲವೆಂದು ತಿಳಿದು ಮತ್ತೆ ಕಳುಹಿಸುತ್ತಿತ್ತು. ಇತ್ತ ಮೊದಲ ಪ್ರತಿಯೂ ತಪಾಸಣೆ ಮುಗಿಸಿಕೊಂಡು ಒಳಗೆ ಬಂದಿರುತ್ತಿತ್ತು. 1988ರ ಆರ್‌ಎಫ್‌ಸಿ 1047 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್‌ನ ತಾಂತ್ರಿಕ ದಾಖಲೆ) ಇದೇ ಕಾಯಿಲೆಯ ಬಗ್ಗೆ ಬರೆದದ್ದು, ಚಿಕ್ಕದಾಗಿದೆ, ದಯವಿಟ್ಟು ಓದಿ. ಕಳುಹಿಸುವವರು ಈ ಹಂತದಲ್ಲಿ 10 ನಿಮಿಷ ಕಾಯಬೇಕು ಎಂದು ಆರ್‌ಎಫ್‌ಸಿ 5321 ಹೇಳುತ್ತದೆ, ಆದರೆ ಎಲ್ಲ ಸರ್ವರ್‌ಗಳೂ ಅಷ್ಟು ಕಾಯುವುದಿಲ್ಲ. ಮೊದಲು ಪತ್ರ ಪಡೆದು ಉತ್ತರ ಕೊಟ್ಟು, ಆಮೇಲೆ ತಪಾಸಣೆಗೆ ಕಳುಹಿಸುವಂತೆ ಬದಲಿಸಿದೆ. ಅಂದಿನಿಂದ ಒಂದು ನಕಲೂ ಬಂದಿಲ್ಲ.

ಎರಡನೇ ಉತ್ತರ:
ನಮ್ಮಲ್ಲಿ ಇಡೀ ಡೈಜೆಸ್ಟೇ ಎರಡು ಸಲ ಹೋಗಿತ್ತು, ಸಂಚಿಕೆಯ ಸಂಖ್ಯೆಯೂ ಒಂದೇ. ಹೊಸ ಯಂತ್ರಕ್ಕೆ ಲಿಸ್ಟಿನ ಕಡತಗಳನ್ನೆಲ್ಲ ನಕಲಿಸಿಕೊಂಡಾಗ, ಕಳುಹಿಸದೆ ಉಳಿದಿದ್ದ ಪತ್ರಗಳ ಡೈಜೆಸ್ಟ್.ಎಂಬಾಕ್ಸ್ ಕಡತವೂ ಬಂದಿತ್ತು. ಹಳೆಯ ಯಂತ್ರದ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ವ್ಯವಸ್ಥೆ) ನಿಲ್ಲಿಸಲು ಮರೆತಿದ್ದೆವು, ಹಾಗಾಗಿ ಎರಡೂ ಯಂತ್ರಗಳು ಅದನ್ನೇ ಕಳುಹಿಸಿದವು. ಹೆಡರ್‌ನಲ್ಲಿ ಪತ್ರ ಹಾದುಬಂದ ಸರ್ವರ್‌ಗಳನ್ನು ತೋರಿಸುವ ‘ರಿಸೀವ್ಡ್’ ಸಾಲುಗಳಲ್ಲಿ ಹಳೆಯ ಯಂತ್ರದ ಹೆಸರು ಕಂಡಾಗಲೇ ವಿಷಯ ಗೊತ್ತಾದದ್ದು.

ಮೂರನೇ ಉತ್ತರ:
ದೂರು ಕೊಟ್ಟವರನ್ನೂ ಒಮ್ಮೆ ವಿಚಾರಿಸಿ ಸರ್. ಡೈಜೆಸ್ಟ್ ಬದಲು ಒಂದೊಂದೇ ಪತ್ರ ಪಡೆಯಲು ಬದಲಾದವರಿಗೆ ಮೇಲ್‌ಮ್ಯಾನ್ ಕೊನೆಯದಾಗಿ ಇನ್ನೊಂದು ಡೈಜೆಸ್ಟ್ ಕಳುಹಿಸುತ್ತದೆ. ಇನ್ನು, ಉತ್ತರ ಬರೆಯುವವರು ಸಿಸಿಯಲ್ಲಿ ಸದಸ್ಯರ ವಿಳಾಸ ಸೇರಿಸಿದರೆ ಅವರಿಗೆ ನೇರವಾಗಿ ಒಂದು, ಡೈಜೆಸ್ಟ್‌ನಲ್ಲಿ ಮತ್ತೊಂದು. ನಕಲು ತಡೆಯುವ ಸದಸ್ಯರ ಆಯ್ಕೆ ಡೈಜೆಸ್ಟ್‌ಗೆ ಅನ್ವಯಿಸುವುದಿಲ್ಲ. ನನ್ನ ಲಿಸ್ಟಿನಲ್ಲಿ ಬಂದ ದೂರುಗಳಲ್ಲಿ ಹೆಚ್ಚಿನವು ಈ ಎರಡೇ.

ಕೇಳಿದವರು:
ಎಲ್ಲರಿಗೂ ಮನಸಾರೆ ಧನ್ಯವಾದ. ಮೊದಲ ಉತ್ತರ ಬರೆದವರು ಹೇಳಿದಂತೆ ನೋಡಿದೆ. ಮೆಸೇಜ್-ಐಡಿ ಒಂದೇ. ಲಾಗ್‌ನಲ್ಲಿ ಮೊದಲ ಪ್ರತಿ ಬೆಳಿಗ್ಗೆ 10:02ಕ್ಕೆ, ಎರಡನೆಯದು 10:17ಕ್ಕೆ. ನಕಲಾದ ಅಷ್ಟೂ ಪತ್ರಗಳಲ್ಲಿ ಸ್ನೇಹ ಸಮ್ಮಿಲನದ ಫೋಟೋಗಳಿದ್ದವು, ಮತ್ತು ಹೊಸ ವೈರಸ್ ತಪಾಸಣೆ ಹಾಕಿ ಸರಿಯಾಗಿ ಎರಡು ವಾರವಾಗಿದೆ. ಇಂದು ಬದಲಿಸಿದ್ದೇನೆ. ನಾಳೆಯ ಡೈಜೆಸ್ಟ್ ನೋಡಿಕೊಂಡು ಆ ಮೂವರಿಗೂ ನಾನೇ ಪತ್ರ ಬರೆಯುತ್ತೇನೆ.